ಮೈಕಿನ ಹೊಟ್ಟೆಯೊಳಗಿನ ರಬ್ಬರು

ನವಲಗುಂದ ತಾಲೂಕಿನ ಯಮನೂರು ಬೆಣ್ಣಿಹಳ್ಳದ ದಂಡೆಯ ಊರು. ಇಲ್ಲಿನ ರಾಜಾಬಾಗಸವಾರನ ಉರುಸಿಗೆ, ಚಾಂಗದೇವನ ಜಾತ್ರೆಗೆ ಹಿಂದೂ, ಮುಸ್ಲಿಂ ಎನ್ನದೆ ಜನ ಸೇರುತ್ತಾರೆ. ಹಳ್ಳದಲ್ಲಿ ಮಿಂದು ದರ್ಶನ ಪಡೆಯುತ್ತಾರೆ. ಇಂಥ ಯಾವ ಜಾತ್ರೆಯೇ ಇರಲಿ, ವೇದಿಕೆಯಿಂದ ಮೊದಲು ಕೇಳಿಬರುವುದು ಭಾಷಣವೂ ಅಲ್ಲ, ಹಾಡೂ ಅಲ್ಲ. ಮೈಕಿಗೆ ಬೆರಳಿನಿಂದ ಬಡಿದ ‘ಟಕ್ ಟಕ್’ ಸದ್ದು, ಅದರ ಬೆನ್ನಿಗೇ ‘ಹಲೋ, ಹಲೋ, ಮೈಕ್ ಟೆಸ್ಟಿಂಗ್’!

ಮೈಕ್ ಬದುಕಿದೆಯೋ ಸತ್ತಿದೆಯೋ ಎಂದು ನೋಡುವುದಕ್ಕಷ್ಟೇ ಈ ಟಕ್ ಟಕ್ ಎಂದು ಎಲ್ಲರೂ ತಿಳಿದಿದ್ದಾರೆ. ಆದರೆ ಪಳಗಿದ ಕಿವಿಗೆ ಅದು ಇನ್ನೊಂದು ಗುಟ್ಟನ್ನೂ ಹೇಳುತ್ತದೆ. ಮೈಕಿನ ಜಾಲರಿಗಲ್ಲ, ಅದರ ಸ್ಟ್ಯಾಂಡಿಗೆ ಮೆಲ್ಲಗೆ ತಟ್ಟಿ ನೋಡಬೇಕು. ಹತ್ತಿಯ ಅಂಡಿಗೆಗೆ ಬಡಿದಂತೆ ಸದ್ದು ಮೆತ್ತಗೆ ಕೇಳಿದರೆ ಮೈಕಿನ ಹೊಟ್ಟೆಯೊಳಗಿನ ರಬ್ಬರು ಚೆನ್ನಾಗಿದೆ ಎಂದರ್ಥ. ‘ಢಂ’ ಎಂದು ಗುಂಡು ಹಾರಿದಂತೆ ಕೇಳಿದರೆ ಆ ರಬ್ಬರಿನ ಆಯುಷ್ಯ ಮುಗಿದಿದೆ.

ಮೈಕಿಗೂ ರಬ್ಬರಿಗೂ ಏನು ಸಂಬಂಧ ಎಂದು ಕೇಳಬಹುದು. ಮೈಕ್ ಎಂದರೆ ಅಯಸ್ಕಾಂತ, ತಂತಿ, ತೆಳುವಾದ ಪೊರೆ ಎಂದು ಶಾಲೆಯ ಪುಸ್ತಕ ಹೇಳುತ್ತದೆ. ಅದು ನಿಜ. ಆದರೆ ಆ ಪೊರೆಯನ್ನು ಹೊರಗಿನ ನಡುಕದಿಂದ ಕಾಯುವುದು ಕೆಲವೇ ಗ್ರಾಂ ತೂಗುವ ರಬ್ಬರಿನ ಬಳೆ, ಬಿಲ್ಲೆ ಅಥವಾ ಪಟ್ಟಿ. ಇಡೀ ಮೈಕಿನಲ್ಲಿ ಅತಿ ಅಗ್ಗದ ಭಾಗ ಅದು. ಮೊದಲು ಕೆಡುವುದೂ ಅದೇ.

ನಡುಕವೂ ದನಿಯೇ!

ಮೈಕಿನ ಕೆಲಸ ತೀರ ಸರಳ. ಗಾಳಿಯ ಅಲೆ ಬಂದು ಪೊರೆಯನ್ನು ಅಲುಗಿಸುತ್ತದೆ. ಆ ಅಲುಗಾಟವೇ ವಿದ್ಯುತ್ ಸಂಕೇತವಾಗುತ್ತದೆ. ತೊಂದರೆ ಇರುವುದು ಇಲ್ಲೇ. ಪೊರೆ ಅಲುಗಿದರೂ ಸರಿ, ಪೊರೆಯನ್ನು ಹಿಡಿದಿರುವ ಮೈಕಿನ ಮೈಯೇ ಅಲುಗಿದರೂ ಸರಿ, ಮೈಕಿಗೆ ಎರಡೂ ಒಂದೇ. ಚಕ್ಕಡಿಯಲ್ಲಿ ಕುಳಿತವನ ಕೈಯಲ್ಲಿ ತುಂಬಿದ ಲೋಟವಿದ್ದರೆ ನೀರು ಚೆಲ್ಲುವುದು ಗಾಳಿಗೂ ಆಗಬಹುದು, ಗಾಲಿ ಕಲ್ಲಿನ ಮೇಲೆ ಹತ್ತಿದ್ದಕ್ಕೂ ಆಗಬಹುದು. ಚೆಲ್ಲಿದ ನೀರನ್ನು ನೋಡಿ ಕಾರಣ ಹೇಳಲಾಗದು.

ನಮ್ಮ ಸಂಗೀತ ಕಛೇರಿಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಹಾಡುವವರು, ತಬಲಾದವರು, ಹಾರ್ಮೋನಿಯಂ ನುಡಿಸುವವರು ಎಲ್ಲರೂ ಒಂದೇ ಕಟ್ಟಿಗೆಯ ವೇದಿಕೆಯ ಮೇಲೆ ಕೂಡುತ್ತಾರೆ. ಮೈಕಿನ ಸ್ಟ್ಯಾಂಡೂ ಅದೇ ಹಲಗೆಯ ಮೇಲೆ. ಡಗ್ಗಾದ ಮೇಲೆ ಅಂಗೈ ಬಿದ್ದಾಗ ಅದರ ನಾದ ಗಾಳಿಯಲ್ಲಿ ಬರುವ ಮುನ್ನವೇ ಪೆಟ್ಟು ಹಲಗೆಯಲ್ಲಿ ಓಡಿ ಸ್ಟ್ಯಾಂಡ್ ಹತ್ತುತ್ತದೆ. ಯಾರೋ ಎದ್ದು ನಡೆದರೆ ಆ ಹೆಜ್ಜೆ, ಬೀದಿಯಲ್ಲಿ ಲಾರಿ ಹೋದರೆ ಆ ಗುಡುಗು, ಎಲ್ಲವೂ ಹಾಡಿನೊಳಗೆ ಬಂದು ಕೂಡುತ್ತವೆ. ವೇದಿಕೆಗೆ ದಪ್ಪನೆಯ ನವಲಗುಂದದ ಜಮಖಾನೆ ಹಾಸಿದರೆ ಹೆಜ್ಜೆಯ ಸದ್ದು ಕೊಂಚ ತಗ್ಗುತ್ತದೆ, ಅಷ್ಟೆ. ಉಳಿದ ಕೆಲಸ ಮೈಕಿನ ರಬ್ಬರಿನದು.

ರಿಬ್ಬನ್ ಮೈಕುಗಳ ಕಾಲ

1925ರವರೆಗೆ ಹಾಡುಗಾರರು ಗ್ರಾಮಫೋನಿನ ಕಹಳೆಯೊಳಗೆ ಬಾಯಿಟ್ಟು ಕೂಗಬೇಕಿತ್ತು. ಆ ವರ್ಷ ವಿದ್ಯುತ್ ಧ್ವನಿಮುದ್ರಣ ಬಂತು, ಕಹಳೆಯ ಜಾಗದಲ್ಲಿ ಮೈಕ್ ನಿಂತಿತು. 1930ರ ದಶಕದ ಆರಂಭದಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ತನ್ನ 44 ಮಾದರಿಯ ರಿಬ್ಬನ್ ಮೈಕನ್ನು ತಂದಿತು. ಹ್ಯಾರಿ ಓಲ್ಸನ್ ಅದರ ಹಿಂದಿದ್ದ ವಿಜ್ಞಾನಿ. 1934ರಲ್ಲಿ ಬ್ರಿಟನ್ನಿನ ಬಿಬಿಸಿ ಮತ್ತು ಮಾರ್ಕೋನಿ ಸೇರಿ ತಮ್ಮದೇ ರಿಬ್ಬನ್ ಮೈಕ್ ತಯಾರಿಸಿದವು. ಜರ್ಮನಿಯ ನಾಯ್ಮನ್ ಕಂಪನಿಯ ಯು 47 ಬಂದದ್ದು 1949ರಲ್ಲಿ. ಇವತ್ತಿಗೂ ಧ್ವನಿಮುದ್ರಣಕಾರರು ಬಾಯಿ ಚಪ್ಪರಿಸಿ ಹೆಸರಿಸುವ ಮೈಕುಗಳು ಇವು.

ಕನ್ನಡ ನಾಡಿನ ರೇಡಿಯೊ ಹುಟ್ಟಿ ಬೆಳೆದದ್ದೂ ಇದೇ ಕಾಲದಲ್ಲಿ. ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಆರಂಭಿಸಿದ್ದು 1935ರಲ್ಲಿ. ಧಾರವಾಡ ಕೇಂದ್ರ ಶುರುವಾದದ್ದು 1950ರ ಜನವರಿ 8ರಂದು. ಮಲ್ಲಿಕಾರ್ಜುನ ಮನಸೂರರು ಆ ಕೇಂದ್ರಕ್ಕೆ ಸಂಗೀತ ಸಲಹೆಗಾರರಾಗಿದ್ದರು. ಯಮನೂರಿನಂಥ ಊರುಗಳ ಮನೆಯಂಗಳಕ್ಕೆ ದೊಡ್ಡ ಗವಾಯಿಗಳ ಹಾಡು ಬಂದು ಮುಟ್ಟಿದ್ದು ಹೀಗೆ, ಸ್ಟುಡಿಯೋದ ಮೈಕಿನ ಮೂಲಕ.

ರಿಬ್ಬನ್ ಮೈಕಿನೊಳಗೆ ಅಯಸ್ಕಾಂತದ ಎರಡು ತುದಿಗಳ ನಡುವೆ ಒಂದು ಅಲ್ಯುಮಿನಿಯಂ ಪಟ್ಟಿ ತೂಗಾಡುತ್ತಿರುತ್ತದೆ. ಆರ್‌ಸಿಎ 44ರಲ್ಲಿ ಇದರ ದಪ್ಪ ಸುಮಾರು ಎರಡೂವರೆ ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಈ ಪಟ್ಟಿ ಎಷ್ಟು ತೆಳುವೆಂದು ಊಹಿಸಬಹುದು. ಬಿಬಿಸಿಯ ಎಂಜಿನಿಯರುಗಳು 1950ರ ದಶಕದಲ್ಲಿ ರೂಪಿಸಿದ 4038 ಮಾದರಿಯಲ್ಲಂತೂ ಅದು ಕೇವಲ 0.6 ಮೈಕ್ರಾನ್! ಬಾಯಿಂದ ಊದಿದರೆ ಹರಿದೇಹೋಗುತ್ತದೆ. ಇಷ್ಟು ಸಡಿಲವಾಗಿ ತೂಗುವ ಪಟ್ಟಿಗೆ ಮೆಲ್ಲನೆಯ, ನಿಧಾನವಾದ ನಡುಕವೂ ಬಲು ಬೇಗ ತಟ್ಟುತ್ತದೆ. ಆದ್ದರಿಂದಲೇ ಮೂರೂವರೆ ಕಿಲೋ ಮೀರಿದ ತೂಕದ ಆ ಮೈಕನ್ನು ಕಂಪನಿಯವರು ನೇರವಾಗಿ ಸ್ಟ್ಯಾಂಡಿಗೆ ಬಿಗಿಯದೆ, ನಡುವೆ ರಬ್ಬರಿನ ಮೆತ್ತೆ ಇಟ್ಟರು. ಇದಕ್ಕೆ ‘ಶಾಕ್ ಮೌಂಟ್’ ಎಂದು ಹೆಸರು.

ರಬ್ಬರು ಹಿಡಿಯುವ ಈ ಉಪಾಯ ದೊಡ್ಡ ಸ್ಟುಡಿಯೋಗಳಿಗೇ ಮೀಸಲಲ್ಲ. 1966ರಲ್ಲಿ ಬಂದು ಇಂದಿಗೂ ಊರೂರಿನ ವೇದಿಕೆಗಳಲ್ಲಿ ಕಾಣುವ ಶ್ಯೂರ್ ಎಸ್‌ಎಂ 58 ಮೈಕಿನಲ್ಲೂ ದನಿ ಹಿಡಿಯುವ ಭಾಗ ಕೂತಿರುವುದು ರಬ್ಬರಿನ ಮೇಲೆಯೇ.

ರಬ್ಬರು ಸಾಯುವುದೇಕೆ?

ಸುಳ್ಯ, ಬೆಳ್ತಂಗಡಿ ಕಡೆಯ ತೋಟಗಳಲ್ಲಿ ಮರದಿಂದ ಇಳಿಸುವ ಹಾಲು ಹೆಪ್ಪುಗಟ್ಟಿದರೆ ರಬ್ಬರು. ಅದನ್ನು ಹಾಗೇ ಬಿಟ್ಟರೆ ಬಿಸಿಲಿಗೆ ಅಂಟಂಟು, ಚಳಿಗೆ ಪೆಡಸು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿದಾಗ ಅದು ಗಟ್ಟಿಮುಟ್ಟಾಗಿಯೂ ಹಿಗ್ಗುವಂತೆಯೂ ಆಯಿತು. ರಬ್ಬರಿನ ಉದ್ದುದ್ದ ಅಣುಸರಪಳಿಗಳ ನಡುವೆ ಗಂಧಕ ಸೇತುವೆ ಕಟ್ಟುತ್ತದೆ. ಎಳೆದರೆ ಸರಪಳಿ ಬಿಚ್ಚಿಕೊಳ್ಳುತ್ತದೆ, ಬಿಟ್ಟರೆ ಸೇತುವೆಗಳು ಅದನ್ನು ಮೊದಲಿನ ಜಾಗಕ್ಕೆ ತರುತ್ತವೆ.

ಈ ಸರಪಳಿಗೆ ಶತ್ರುಗಳು ಬಹಳ. ಮೊದಲನೆಯದು ಗಾಳಿಯ ಆಮ್ಲಜನಕ. ಅದು ಕೆಲವು ಕಡೆ ಸರಪಳಿಯನ್ನು ತುಂಡರಿಸಿ ರಬ್ಬರನ್ನು ಜೋನಿಬೆಲ್ಲದಂತೆ ಅಂಟಾಗಿಸುತ್ತದೆ, ಇನ್ನು ಕೆಲವು ಕಡೆ ಬೇಡದ ಸೇತುವೆಗಳನ್ನು ಕಟ್ಟಿ ಕಟ್ಟಿಗೆಯಂತೆ ಬಿರುಸು ಮಾಡುತ್ತದೆ. ಎರಡನೆಯದು ಓಝೋನ್. ನೆಲದ ಮಟ್ಟದ ಗಾಳಿಯ ಹತ್ತು ಕೋಟಿ ಪಾಲಿನಲ್ಲಿ ಓಝೋನ್ ಇರುವುದು ಕೆಲವೇ ಪಾಲು. ಆದರೂ ಎಳೆದು ಕಟ್ಟಿದ ರಬ್ಬರಿಗೆ ಅಷ್ಟೇ ಸಾಕು. ಬೇಸಿಗೆಯಲ್ಲಿ ನವಲಗುಂದದ ಎರೆಭೂಮಿ ಬಾಯಿ ಬಿಟ್ಟಂತೆ ಅದರ ಮೈಮೇಲೆ ಬಿರುಕುಗಳು ಸಾಲುಗಟ್ಟುತ್ತವೆ. ಎಳೆತ ಯಾವ ದಿಕ್ಕಿಗಿದೆಯೋ ಅದಕ್ಕೆ ಅಡ್ಡಡ್ಡ ಈ ಬಿರುಕು ಬೀಳುತ್ತದೆ. ಬಿಸಿಲು, ಸೆಕೆ ಸೇರಿದರೆ ಕೆಲಸ ಇನ್ನಷ್ಟು ಬೇಗ.

ಮೂರನೆಯ ಶತ್ರು ತಾಮ್ರ. ತಾಮ್ರ ತಾಗಿದ ರಬ್ಬರು ಬೇಗ ಹಾಳಾಗುತ್ತದೆ, ರಬ್ಬರಿನ ಗಂಧಕ ತಾಗಿದ ತಾಮ್ರ ಕಪ್ಪಾಗುತ್ತದೆ. ಆದ್ದರಿಂದಲೇ ರಬ್ಬರು ಹೊದಿಸಿದ ಹಳೆಯ ವೈರುಗಳಲ್ಲಿ ತಾಮ್ರದ ಎಳೆಗಳಿಗೆ ತವರದ ಲೇಪ ಕೊಡುತ್ತಿದ್ದರು. ನಾಲ್ಕನೆಯದು ಎಣ್ಣೆ. ಬಿರುಸಾದ ರಬ್ಬರನ್ನು ಮೆತ್ತಗೆ ಮಾಡುತ್ತೇವೆಂದು ಎಣ್ಣೆ ಸವರುವವರಿದ್ದಾರೆ. ನೈಸರ್ಗಿಕ ರಬ್ಬರು ಎಣ್ಣೆ ಕುಡಿದು ಉಬ್ಬಿ ಮುದ್ದೆಯಾಗುತ್ತದೆಯೇ ಹೊರತು ಬದುಕುವುದಿಲ್ಲ.

ಹೀಗೆ ಕೆಲವು ದಶಕ ಕಳೆಯುವುದರೊಳಗೆ ಮೈಕಿನ ಉಳಿದ ಭಾಗಗಳು ಗಟ್ಟಿಯಾಗಿದ್ದರೂ ರಬ್ಬರು ಮಾತ್ರ ಮುದಿಯಾಗುತ್ತದೆ. ದನಿಯಲ್ಲಿ ಗುಡುಗುಡು ಸೇರುತ್ತದೆ. ಆಗ ಎಲ್ಲರೂ ಹೇಳುವ ಮಾತು ಒಂದೇ: ‘ಮೈಕ್ ಕೆಟ್ಟಿತು.’ ಕೆಟ್ಟದ್ದು ಮೈಕಲ್ಲ, ಕೆಲವೇ ರೂಪಾಯಿಯ ರಬ್ಬರು.

ಲೆಕ್ಕ ಏನನ್ನುತ್ತದೆ?

ಪಿಯುಸಿಯ ಭೌತಶಾಸ್ತ್ರ ಓದಿದವರಿಗೆ ಇದು ಸ್ಪ್ರಿಂಗಿಗೆ ತೂಗಿಬಿಟ್ಟ ಭಾರದ ಲೆಕ್ಕ. ಮೈಕ್ ಭಾರ, ರಬ್ಬರು ಸ್ಪ್ರಿಂಗ್. ಈ ಜೋಡಿಗೆ ತನ್ನದೇ ಆದ ಒಂದು ಸಹಜ ಕಂಪನಾಂಕ ಇರುತ್ತದೆ. ಹೊರಗಿನ ನಡುಕ ಅದಕ್ಕಿಂತ ಬಹಳ ವೇಗದ್ದಾಗಿದ್ದರೆ ರಬ್ಬರು ಅದನ್ನು ನುಂಗಿಬಿಡುತ್ತದೆ, ಹತ್ತಿರದ್ದಾಗಿದ್ದರೆ ತೊಟ್ಟಿಲು ತೂಗಿದಂತೆ ಹೆಚ್ಚಿಸಿಬಿಡುತ್ತದೆ.

ಹೊಸ ರಬ್ಬರಿನ ಮೇಲೆ ಮೈಕಿನ ಸಹಜ ಕಂಪನ ಸೆಕೆಂಡಿಗೆ 10 ಎಂದಿಟ್ಟುಕೊಳ್ಳೋಣ. ವೇದಿಕೆಯ ನಡುಕ ಸೆಕೆಂಡಿಗೆ 30. ಲೆಕ್ಕ ಹಾಕಿದರೆ ಆ ನಡುಕದಲ್ಲಿ ಎಂಟನೇ ಒಂದು ಪಾಲು ಮಾತ್ರ ಮೈಕಿಗೆ ಮುಟ್ಟುತ್ತದೆ. ರಬ್ಬರಿನ ಬಿರುಸು ನಾಲ್ಕು ಪಟ್ಟಾದರೆ ಸಹಜ ಕಂಪನ ಎರಡು ಪಟ್ಟಾಗಿ 20ಕ್ಕೆ ಏರುತ್ತದೆ. ಆಗ ಅದೇ ನಡುಕದ ಐದರಲ್ಲಿ ನಾಲ್ಕು ಪಾಲು ಒಳಗೆ ಹೋಗುತ್ತದೆ. ರಬ್ಬರು ಇನ್ನೂ ಬಿರುಸಾಗಿ 25 ಮುಟ್ಟಿತೆನ್ನಿ, ನಡುಕ ತಗ್ಗುವುದಿರಲಿ, ಎರಡು ಪಟ್ಟಿಗೂ ಹೆಚ್ಚಾಗುತ್ತದೆ! ಕಾವಲುಗಾರನೇ ಕಳ್ಳನಿಗೆ ಬಾಗಿಲು ತೆರೆದಂತೆ.

ಹಾಗೆಂದು ರಬ್ಬರು ಎಷ್ಟು ಮೆತ್ತಗಾದರೆ ಅಷ್ಟು ಒಳ್ಳೆಯದು ಎನ್ನುವಂತಿಲ್ಲ. ತೀರ ಮೆತ್ತಗಿದ್ದರೆ ಮೈಕ್ ತನ್ನ ಭಾರಕ್ಕೆ ಕುಸಿದು ಲೋಹದ ಚೌಕಟ್ಟಿಗೆ ತಾಗುತ್ತದೆ. ಲೋಹ ಲೋಹಕ್ಕೆ ತಾಗಿದ ಮೇಲೆ ರಬ್ಬರು ಇದ್ದೂ ಇಲ್ಲದಂತೆ. ಒಂದು ಕಿಲೋ ಮೈಕಿಗೆ ಹೊಂದಿದ ರಬ್ಬರು ಮೂರೂವರೆ ಕಿಲೋ ಮೈಕಿಗೆ ಹೊಂದದು ಎಂಬುದು ಇದಕ್ಕೇ.

ಬದಲಾಯಿಸುವ ಬಗೆ

ಹಳೆಯ ಮೈಕಿನ ರಬ್ಬರು ಬದಲಿಸುವುದು ಕೈಚಳಕಕ್ಕಿಂತ ತಾಳ್ಮೆಯ ಕೆಲಸ. ಮೊದಲು ಮೇಜು ಒರೆಸಬೇಕು, ಫ್ಯಾನ್ ಆರಿಸಬೇಕು. ರಿಬ್ಬನ್ ಮೈಕಿನ ಅಯಸ್ಕಾಂತ ಬಲು ಜೋರಿನದು. ಮೇಜಿನ ಮೇಲಿನ ಕಬ್ಬಿಣದ ಒಂದು ಚೂರು ಒಳಗೆ ಸೇರಿದರೆ ರಿಬ್ಬನ್ನಿಗೆ ಕುತ್ತು. ಕಬ್ಬಿಣದ ಸ್ಕ್ರೂಡ್ರೈವರನ್ನೇ ಅದು ಕೈಯಿಂದ ಕಸಿದುಕೊಂಡೀತು. ಆದ್ದರಿಂದ ಅಯಸ್ಕಾಂತಕ್ಕೆ ಅಂಟದ ಹತ್ಯಾರ ಬೇಕು. ಕೆಲಸ ಮುಗಿಯುವವರೆಗೆ ಮೈಕಿನ ತಲೆಗೆ ಪ್ಲಾಸ್ಟಿಕ್ ಚೀಲ ತೊಡಿಸಿ ಅದನ್ನು ನೆಟ್ಟಗೆ ನಿಲ್ಲಿಸಿಡಬೇಕು.

ಬಿಚ್ಚುವ ಪ್ರತಿ ಹಂತದಲ್ಲೂ ಒಂದು ಫೋಟೊ ತೆಗೆಯಬೇಕು, ಇಲ್ಲವೇ ಚಿತ್ರ ಬರೆದುಕೊಳ್ಳಬೇಕು. ಯಾವ ಸ್ಕ್ರೂ ಎಲ್ಲಿಯದು, ಯಾವ ವಾಷರ್ ಯಾವುದರ ಕೆಳಗೆ ಎಂಬುದು ಜೋಡಿಸುವಾಗ ನೆನಪಿಗೆ ಬರುವುದಿಲ್ಲ. ಅಂಟಾದ ಹಳೆಯ ರಬ್ಬರನ್ನು ಮೊದಲು ಬಿದಿರಿನ ಕಡ್ಡಿಯಿಂದ ಕೆರೆದು, ಉಳಿದದ್ದನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತೋಯಿಸಿದ ಬಟ್ಟೆಯಿಂದ ಒರೆಸಬೇಕು. ಆ ದ್ರವ ರಿಬ್ಬನ್ನಿನ ಬಳಿ ಹೋಗಬಾರದು.

ಹೊಸ ರಬ್ಬರಿನ ಅಳತೆ ತೆಗೆಯುವಾಗ ಬಹಳ ಜನ ಎಡವುತ್ತಾರೆ. ಹಳೆಯ ರಬ್ಬರನ್ನೇ ಅಳೆದು ಅದರಂತೆ ಕತ್ತರಿಸುತ್ತಾರೆ. ಆದರೆ ಹಳೆಯದು ಕುಗ್ಗಿರುತ್ತದೆ, ಇಲ್ಲವೇ ಭಾರಕ್ಕೆ ಚಪ್ಪಟೆಯಾಗಿರುತ್ತದೆ. ಅಳೆಯಬೇಕಾದದ್ದು ರಬ್ಬರು ಕೂರುವ ಲೋಹದ ಜಾಗವನ್ನು, ಅದೂ ವರ್ನಿಯರ್ ಕ್ಯಾಲಿಪರ್‌ನಿಂದ.

ಕೆಲವು ಮೈಕುಗಳಲ್ಲಿ ರಬ್ಬರಿನ ಪಕ್ಕದಲ್ಲೇ ಒಂದು ಸಣ್ಣ ವೈರು ಇರುತ್ತದೆ. ರಬ್ಬರಿನಲ್ಲಿ ವಿದ್ಯುತ್ ಹರಿಯದು. ಹಾಗಾಗಿ ಮೈಕಿನ ಮೈಯನ್ನು ಅರ್ತಿಂಗಿಗೆ ಸೇರಿಸಲು ಈ ವೈರು ಬೇಕು. ಇದನ್ನು ಮರೆತರೆ ‘ಹಂ’ ಎಂಬ ಗುಂಯ್‌ಗುಡುವಿಕೆ ಶುರು. ಬಿಗಿಯಾಗಿ ಎಳೆದು ಕಟ್ಟಿದರೆ ನಡುಕಕ್ಕೆ ಅದೇ ಸೇತುವೆ. ಮೆತ್ತನೆಯ ವೈರನ್ನು ಸಡಿಲವಾಗಿ ಕೊಕ್ಕೆಯಂತೆ ಬಳಸಿ ಬಿಡಬೇಕು.

ಇನ್ನು ಮಾಡಬಾರದ ಎರಡು ಕೆಲಸ. ರಿಬ್ಬನ್ ಸರಿಯಿದೆಯೇ ಎಂದು ಮಲ್ಟಿಮೀಟರಿನ ಓಮ್ ಅಳತೆಯನ್ನು ಅದಕ್ಕೆ ನೇರವಾಗಿ ಹಚ್ಚಬಾರದು, ಮೀಟರಿನ ವಿದ್ಯುತ್ತಿಗೇ ರಿಬ್ಬನ್ ಜಿಗಿಯುತ್ತದೆ. ಕಂಡೆನ್ಸರ್ ಮೈಕಿಗೆಂದು ಕೊಡುವ 48 ವೋಲ್ಟಿನ ‘ಫ್ಯಾಂಟಮ್’ ವಿದ್ಯುತ್ತನ್ನು ಹಳೆಯ ರಿಬ್ಬನ್ ಮೈಕಿಗೆ ಕೊಡಬಾರದು. ವೈರಿನಲ್ಲಿ ಚಿಕ್ಕ ದೋಷವಿದ್ದರೂ ರಿಬ್ಬನ್ ಹೋದಂತೆಯೇ.

ಯಾವ ರಬ್ಬರು ಲೇಸು?

ನೈಸರ್ಗಿಕ ರಬ್ಬರಿನಷ್ಟು ಚೆನ್ನಾಗಿ ಪುಟಿಯುವುದು, ಭಾರ ಹೊತ್ತೂ ಕುಸಿಯದಿರುವುದು ಅಪರೂಪ. ಆದರೆ ಅದು ಮತ್ತೆ ಮುದಿಯಾಗುತ್ತದೆ. 1930ರ ದಶಕದ ಆರಂಭದಲ್ಲಿ ಡ್ಯುಪಾಂಟ್ ಕಂಪನಿ ಮಾರುಕಟ್ಟೆಗೆ ತಂದ ನಿಯೊಪ್ರೀನ್ ಓಝೋನಿಗೆ ಬಗ್ಗುವುದಿಲ್ಲ, ಎಣ್ಣೆಯನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಸಿಲಿಕೋನ್ ರಬ್ಬರು ಬಿಸಿಲು, ಚಳಿ, ಓಝೋನ್ ಯಾವುದಕ್ಕೂ ಜಗ್ಗದೆ ಬಹುಕಾಲ ಮೆತ್ತಗೇ ಉಳಿಯುತ್ತದೆ. ಅದರ ದೋಷವೆಂದರೆ ಅಂಚಿನಲ್ಲಿ ಗೀರು ಬಿದ್ದರೆ ಸುಲಭವಾಗಿ ಹರಿಯುವುದು. ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಹಾಕುವ ರೂಢಿಯೂ ಉಂಟು. ತಾತ್ಕಾಲಿಕವಾಗಿ ನಡೆದೀತು. ಆದರೆ ಗಾಳಿ ಹಿಡಿಯಲೆಂದು ಮಾಡಿದ ರಬ್ಬರು ನಡುಕ ಹಿಡಿಯಲು ತಕ್ಕುದೆಂದು ಹೇಳಲಾಗದು.

ಬಿಡಿಭಾಗ ಮಾಡುವುದನ್ನು ಸಣ್ಣ ಕೆಲಸವೆಂದು ಭಾವಿಸಬೇಕಿಲ್ಲ. ಆರ್‌ಸಿಎ ಮೈಕ್ ತಯಾರಿಕೆಯನ್ನು ನಿಲ್ಲಿಸಿದ ಮೇಲೆ ಅಮೆರಿಕದ ವೆಸ್ ಡೂಲಿ ಎಂಬವರು ಆ ಹಳೆಯ ಮೈಕುಗಳ ದುರಸ್ತಿ ಮತ್ತು ಬಿಡಿಭಾಗಗಳಲ್ಲಿ ತೊಡಗಿದರು. ಒಂದೊಂದೇ ಭಾಗವನ್ನು ಮಾಡುತ್ತ ಹೋಗಿ, 1998ರಲ್ಲಿ ಅವರ ಎಇಎ ಸಂಸ್ಥೆ 44 ಮಾದರಿಯ ಇಡೀ ಮೈಕನ್ನೇ ಹೊಸದಾಗಿ ತಂದಿತು!

ಮನೆಯಲ್ಲೇ ಒಂದು ಪ್ರಯೋಗ

ಬೆಲೆಬಾಳುವ ಮೈಕಿಗೆ ಕೈ ಹಾಕದೆಯೂ ವಿದ್ಯಾರ್ಥಿಗಳು ಇದನ್ನೆಲ್ಲ ಪರೀಕ್ಷಿಸಬಹುದು. ಒಂದು ರಬ್ಬರ್ ಬ್ಯಾಂಡನ್ನು ಮೊಳೆಗೆ ತೂಗುಹಾಕಿ ಅದರ ತುದಿಗೆ ಒಂದು ಬೀಗ ಕಟ್ಟಿ. ಬ್ಯಾಂಡ್ ಎಷ್ಟು ಸೆಂಟಿಮೀಟರ್ ಹಿಗ್ಗಿತೆಂದು ಅಳೆಯಿರಿ. ಆ ಸಂಖ್ಯೆಯ ವರ್ಗಮೂಲದಿಂದ 5ನ್ನು ಭಾಗಿಸಿ. ಸೆಕೆಂಡಿಗೆ ಬೀಗ ಎಷ್ಟು ಬಾರಿ ಮೇಲೆ ಕೆಳಗೆ ಕುಣಿಯುತ್ತದೆ ಎಂಬುದು ಸಿಗುತ್ತದೆ. 4 ಸೆಂಟಿಮೀಟರ್ ಹಿಗ್ಗಿದರೆ ಉತ್ತರ ಎರಡೂವರೆ, ಅಂದರೆ 10 ಸೆಕೆಂಡಿಗೆ 25 ಕುಣಿತ. ಬೀಗವನ್ನು ತುಸು ಎಳೆದು ಬಿಟ್ಟು ಗಡಿಯಾರ ನೋಡುತ್ತ ಎಣಿಸಿರಿ.

ಈಗ ಅಂಥದೇ ಎರಡು ಬ್ಯಾಂಡುಗಳನ್ನು ಒಟ್ಟಿಗೆ ಜೋಡಿಸಿ ಅದೇ ಬೀಗ ತೂಗಿಬಿಡಿ. ಬಿರುಸು ಎರಡು ಪಟ್ಟಾಯಿತು. ಹಿಗ್ಗು 2 ಸೆಂಟಿಮೀಟರಿಗೆ ಇಳಿದು, ಕುಣಿತ 10 ಸೆಕೆಂಡಿಗೆ 35ರ ಸುಮಾರಿಗೆ ಏರುತ್ತದೆ. ರಬ್ಬರು ಉಕ್ಕಿನ ಸ್ಪ್ರಿಂಗಿನಷ್ಟು ಕರಾರುವಾಕ್ಕಲ್ಲವಾದ್ದರಿಂದ ಒಂದೆರಡು ಅಂಕಿ ಆಚೀಚೆ ಆಗಬಹುದು. ಕೊನೆಗೆ ಮೊಳೆಯನ್ನು ಬೆರಳಿನಿಂದ ಬೇಗಬೇಗ ತಟ್ಟಿ ನೋಡಿ. ಬೀಗ ಹೆಚ್ಚುಕಡಿಮೆ ಅಲುಗದೆ ನಿಲ್ಲುತ್ತದೆ. ಅದರ ಕುಣಿತಕ್ಕೆ ಸರಿಹೊಂದುವಂತೆ ತಟ್ಟಿದರೆ ಕುಣಿದಾಡುತ್ತದೆ. ಮೈಕಿನ ಹೊಟ್ಟೆಯೊಳಗೆ ನಡೆಯುವುದೂ ಇಷ್ಟೇ.

ಬಿಚ್ಚುವ ಮಕ್ಕಳು

ಮನೆಯಲ್ಲಿ ರೇಡಿಯೊ, ಗಡಿಯಾರ ಬಿಚ್ಚಿ ಕೂರುವ ಮಗನನ್ನೋ ಮಗಳನ್ನೋ ಗದರುವ ತಂದೆತಾಯಿಗಳು ಒಂದು ಕ್ಷಣ ಯೋಚಿಸುವುದು ಒಳ್ಳೆಯದು. ಬಿಚ್ಚುವುದು ತಪ್ಪಲ್ಲ. ಬರೆದಿಟ್ಟುಕೊಳ್ಳದೆ ಬಿಚ್ಚುವುದು ತಪ್ಪು. ಈ ಆಸಕ್ತಿಗೆ ದಾರಿಗಳೂ ಇವೆ. ಐಟಿಐಗಳಲ್ಲಿ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ತರಬೇತಿ ಇದೆ. ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟಿನಲ್ಲಿ ಧ್ವನಿಮುದ್ರಣ ಕಲಿಸುತ್ತಾರೆ. ರಬ್ಬರಿನ ರಸಾಯನಶಾಸ್ತ್ರವೇ ಹಿಡಿಸಿದರೆ ಮೈಸೂರಿನ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಅಂದರೆ ಈಗಿನ ಜೆಎಸ್‌ಎಸ್ ವಿಜ್ಞಾನ ಮತ್ತು ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ, ಪಾಲಿಮರ್ ವಿಜ್ಞಾನದ ವಿಭಾಗವಿದೆ.

ಶಾಲೆ, ಮಠ, ದರ್ಗಾ, ಸಂಗೀತ ಸಭೆಗಳ ಕಪಾಟುಗಳಲ್ಲಿ ಹಳೆಯ ಮೈಕುಗಳಿದ್ದರೆ ಅವನ್ನು ಬಿಸಿಲು ಬೀಳದ, ಸೆಕೆಯಿಲ್ಲದ ಜಾಗದಲ್ಲಿ ಧೂಳು ಸೇರದಂತೆ ಮುಚ್ಚಿಡಬೇಕು. ಕಿಡಿ ಹಾರುವ ಮೋಟಾರು, ವೆಲ್ಡಿಂಗ್ ಯಂತ್ರಗಳ ಬಳಿ ಓಝೋನ್ ಹುಟ್ಟುತ್ತದೆ, ಅಲ್ಲಿ ಇಡಲೇಬಾರದು. ಬದಲಿಸಿ ತೆಗೆದ ಹಳೆಯ ರಬ್ಬರನ್ನು ಎಸೆಯದೆ ಚೀಟಿ ಬರೆದು ಪೊಟ್ಟಣ ಕಟ್ಟಿಟ್ಟರೆ ಮುಂದೆ ಅದೇ ಮೈಕನ್ನು ಬಿಚ್ಚುವವರಿಗೆ ಪಾಠವಾಗುತ್ತದೆ.

ಬಸವರಾಜ ರಾಜಗುರು 1991ರಲ್ಲಿ, ಮಲ್ಲಿಕಾರ್ಜುನ ಮನಸೂರ 1992ರಲ್ಲಿ, ಗಂಗೂಬಾಯಿ ಹಾನಗಲ್ 2009ರಲ್ಲಿ, ಭೀಮಸೇನ ಜೋಶಿ 2011ರಲ್ಲಿ ತೀರಿಕೊಂಡರು. ಇನ್ನು ಅವರನ್ನು ಕರೆದು ಮೈಕಿನ ಮುಂದೆ ಕೂರಿಸಿ ‘ಇನ್ನೊಮ್ಮೆ ಹಾಡಿ, ಮೊದಲಿನದರಲ್ಲಿ ಗುಡುಗುಡು ಸೇರಿದೆ’ ಎನ್ನಲಾಗದು. ಅವರ ದನಿ ಅಂದು ಮೈಕ್ ಹಿಡಿದುಕೊಟ್ಟಷ್ಟೇ. ಇಂದು ಹಾಡುವವರ ಮಾತೂ ಹೀಗೆಯೇ. ರಬ್ಬರು ಮತ್ತೆ ಸಿಗುತ್ತದೆ, ಕಂಠ ಸಿಗುವುದಿಲ್ಲ.